ಹಳದಿ ಕಿಟಕಿ

ಲಾಂಡ್ರಿ ಅಂಗಡಿಯವನು ಕೋಟಿನ ತೋಳನ್ನು ಬೀದಿಯ ಬಿಸಿಲಿಗೆ ಹಿಡಿದು ಅವಳ ಮೂಗಿನ ಹತ್ತಿರಕ್ಕೇ ತಂದ.

"ಕಣ್ಣು ಬಿಟ್ಟು ನೋಡು. ಏನು ಕಾಣತ್ತೆ?"

ಕಾಣುತ್ತಿತ್ತು. ನೀಲಿ ಬೆರೆತ ಬೂದು ಬಟ್ಟೆಯ ಮೇಲೆ ಉಗುರಿನಷ್ಟಗಲದ ಕಂದು ಮಚ್ಚೆ. ಅವಳೇ ನಿನ್ನೆ ಎಳೆ ಎಳೆ ನೇಯ್ದು ಮುಚ್ಚಿದ ತೂತು. ಮನೆಯಲ್ಲಿ ಬೆರಳಾಡಿಸಿ ಹುಡುಕಿದರೂ ಸಿಕ್ಕಿರಲಿಲ್ಲ; ಇಲ್ಲಿ ಹಲ್ಲು ಕಿರಿಯುತ್ತಿತ್ತು.

"ಈ ತಿಂಗಳಲ್ಲಿ ಇದು ಮೂರನೇದು," ಅಂದ ಅವನು. "ಗಿರಾಕಿ ನಾಲ್ಕು ಗಂಟೆಗೆ ಬರ್ತಾರೆ. ಸುಟ್ಟಿದ್ದು ನಮ್ಮ ಇಸ್ತ್ರಿಪೆಟ್ಟಿಗೆ ಅಂತ ಅವರಿಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಸರಿಹೋದ್ರೆ ಸರಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡಮ್ಮ. ನಿಂಗೆ ಕಣ್ಣು ಹೋಗಿದೆ, ಒಪ್ಕೊಂಡ್ಬಿಡು."

"ಕಣ್ಣು ಚೆನ್ನಾಗೇ ಇದೆ. ಹೋಗಿರೋದು ಬೆಳಕು," ಎಂದು ಅವಳು ರಸ್ತೆಯಾಚೆಗೆ ಕೈ ತೋರಿಸಿದಳು.

ಆಚೆ ಇದ್ದದ್ದು ಅವಳು ವಾಸವಿದ್ದ ನಾಲ್ಕಂತಸ್ತಿನ ಕಟ್ಟಡ. ಅದನ್ನು ಈಗ ಕಟ್ಟಡ ಎನ್ನುವವರು ಯಾರೂ ಇರಲಿಲ್ಲ. ತಿಂಗಳ ಹಿಂದೆ ಮಾಲೀಕ ಅದರ ಮುಖಕ್ಕೆ ಅಡಿಯಿಂದ ಮುಡಿಯವರೆಗೆ ಜಾಹೀರಾತಿನ ಬಟ್ಟೆ ಹೊದಿಸಲು ಒಪ್ಪಿದ್ದ. ಬಟ್ಟೆಯ ಮೇಲೆ ಇದೇ ನಗರದ ಚಿತ್ರ: ಮುಗಿಲಿಗೆ ಮುತ್ತಿಡುವ ಗೋಪುರಗಳು, ಹೊಳೆಯುವ ರಸ್ತೆ, ಹಳದಿ ದೀಪ ಹೊತ್ತಿದ ನೂರಾರು ಕಿಟಕಿಗಳು. ಕೆಳಗೆ ಆಳೆತ್ತರದ ಅಕ್ಷರಗಳಲ್ಲಿ 'ಈ ನಗರ ನಿಮ್ಮದು' ಎಂದಿತ್ತು. ಬಟ್ಟೆಯ ಹಿಂದೆ ಬದುಕುತ್ತಿದ್ದ ಇಪ್ಪತ್ತು ಸಂಸಾರಗಳನ್ನು ಮಾತ್ರ ಯಾರೂ ಒಂದು ಮಾತು ಕೇಳಿರಲಿಲ್ಲ.

"ಇಲ್ಲೇ ಬಾಗಿಲ ಬೆಳಕಲ್ಲಿ ಕೂತು ಮಾಡ್ಲಾ?"

"ತಲೆ ಕೆಟ್ಟಿದ್ಯಾ? ಗಿರಾಕಿಗಳ ಕಣ್ಣೆದುರಿಗೆ ರಫು ಮಾಡ್ತಾರಾ?"

ಅದೂ ನಿಜವೇ. ತೂತನ್ನು ಎಳೆಯಿಂದ ನೇಯ್ದು ಮುಚ್ಚುವ ರಫು ಗುಟ್ಟಿನ ಕೆಲಸ. ಮಾಡಿದ್ದೂ ಕಾಣಬಾರದು, ಮಾಡಿದವಳೂ ಕಾಣಬಾರದು. ಹದಿನೆಂಟು ವರ್ಷ ಅವಳು ಕಾಣದೆಯೇ ಕೆಲಸ ಮಾಡಿದ್ದಳು. ಬೂದು ದಾರಗಳನ್ನು ಅಂಗಡಿ ಬಾಗಿಲಿನ ಬಿಸಿಲಲ್ಲಿ ಕೋಟಿಗೆ ಹೋಲಿಸಿ, ಒಂದನ್ನು ಆರಿಸಿಕೊಂಡು ರಸ್ತೆ ದಾಟಿದಳು. ಗಂಟೆ ಒಂದಾಗಿತ್ತು.

ಕೋಣೆಯಲ್ಲಿ ಎಂದಿನಂತೆ ಹಳದಿ. ಅವಳ ಕಿಟಕಿಯ ಎದುರಿಗೆ ಸರಿಯಾಗಿ ಚಿತ್ರದ ಗೋಪುರವೊಂದು ಬಂದಿತ್ತು. ಅದರ ಕಿಟಕಿಗಳಿಂದ ಸೋಸಿ ಬಂದ ಬೆಳಕಿನಲ್ಲಿ ಗೋಡೆ, ಪಾತ್ರೆ, ಕಿಟಕಿ ಪಕ್ಕದ ಮಂಚದಲ್ಲಿ ಕಾಲು ಸೋತು ಮಲಗಿದ್ದ ಅತ್ತೆ, ಎಲ್ಲಕ್ಕೂ ಕಾಮಾಲೆ. ಬಲ್ಬು ಹಾಕಿದರೂ ಅದೇ ಮಂಕು ಹಳದಿ.

"ಬಂದ್ಯಾ? ನಮ್ಮ ಅರಮನೆ ದೀಪ ಇನ್ನೂ ಆರಿಲ್ಲ ನೋಡು," ಅಂದಳು ಅತ್ತೆ.

ಅವಳಿಗೆ ನಗು ಬರಲಿಲ್ಲ. ಹಳೆಯ ಎಳೆಗಳನ್ನು ಬಿಡಿಸಿ, ತೂತನ್ನು ಮತ್ತೆ ತೆರೆದಳು. ಹೊಸ ದಾರ ಏರಿಸಿ ಮೂರು ಸಾಲು ನೇಯುವಷ್ಟರಲ್ಲಿ ಎಳೆಗಳು ಒಂದರೊಳಗೊಂದು ಕಲಸಿಹೋದವು. ಬಣ್ಣ ಸರಿಯಿದ್ದರೇನು, ಎಳೆಯೇ ಕಾಣದಿದ್ದರೆ! ಗಡಿಯಾರ ಒಂದೂವರೆ ತೋರಿಸುತ್ತಿತ್ತು. ತಾರಸಿಗೆ ಜಾಹೀರಾತು ಕಂಪನಿಯವರು ಬೀಗ ಜಡಿದಿದ್ದರು. ಕೆಳಗೆ ಅವರದೇ ಕಾವಲುಗಾರ ಪೀಪಿ ಕಚ್ಚಿಕೊಂಡು ಕೂತಿದ್ದ. ಮೂರನೇ ಮಹಡಿಯವನು ಗಾಳಿ ಬರಲೆಂದು ಕೋಲು ಕೊಟ್ಟು ಬಟ್ಟೆಯನ್ನು ದೂಡಿದ್ದಕ್ಕೆ ಸಂಜೆಯೊಳಗೆ ಮನೆ ಖಾಲಿ ಮಾಡಿಸಿದ್ದರು.

ಅವಳು ಸೋಫಾ ಹೊಲಿಯುವ ಬಾಗಿದ ಸೂಜಿಗೆ ದಪ್ಪ ದಾರ ಪೋಣಿಸಿದಳು.

"ಏನ್ ಮಾಡ್ತಿದ್ದೀಯೇ?"

"ಸುಮ್ನಿರಿ ಅತ್ತೆ."

ಸರಳುಗಳ ನಡುವೆ ಎರಡೂ ಕೈ ತೂರಿಸಿದಳು. ಬಟ್ಟೆ ಗೇಣು ದೂರದಲ್ಲಿ ಗಾಳಿಗೆ ಪಟಪಟ ಬಡಿಯುತ್ತಿತ್ತು. ಬಿಗಿದು ಕಟ್ಟಿದ ಬಟ್ಟೆಗೆ ಸುಮ್ಮನೆ ಕತ್ತರಿ ತಗುಲಿಸಿದರೆ ಮಿಕ್ಕಿದ್ದನ್ನು ಗಾಳಿಯೇ ಹರಿದುಹಾಕುತ್ತದೆಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಚಿತ್ರದ ಒಂದು ಹಳದಿ ಕಿಟಕಿಯನ್ನು ಆರಿಸಿಕೊಂಡು, ಅದರ ಅಂಚಿನುದ್ದಕ್ಕೂ ಮೊದಲು ಹೊಲಿಗೆ ಹಾಕಿದಳು. ಜೀವಮಾನವೆಲ್ಲ ಹರಿದ ಮೇಲೆ ಹೊಲಿದವಳು, ಈ ಸಲ ಹರಿಯುವ ಮೊದಲೇ ಹೊಲಿದಳು. ತೋಳು ಸರಳಿಗೆ ಉಜ್ಜಿ ಸುಲಿಯಿತು. ಆಮೇಲೆ ಮೂರು ಕಡೆ ಕತ್ತರಿಸಿ, ತುಂಡನ್ನು ಒಳಕ್ಕೆ ಮಡಚಿ ಸರಳಿಗೆ ಸಿಕ್ಕಿಸಿದಳು.

ಬಿಳಿ ಬಿಸಿಲು ಧೊಪ್ಪನೆ ಮಂಚದ ಮೇಲೆ ಬಿತ್ತು.

"ಅಯ್ಯೋ, ನನ್ನ ಸೀರೆ ನೀಲಿ ಕಣೇ!" ಎಂದಳು ಅತ್ತೆ.

ಅವಳು ಮಂಚದ ತುದಿಯಲ್ಲೇ ಕೂತು ನೇಯತೊಡಗಿದಳು. ಒಂದು ಎಳೆ ಮೇಲೆ, ಒಂದು ಕೆಳಗೆ. ಎರಡೂವರೆಗೆ ಕೆಳಗೆ ಪೀಪಿ ಕಿರುಚಿತು. ಕೈ ಅಲ್ಲೇ ನಿಂತಿತು. ಮೆಟ್ಟಿಲಲ್ಲಿ ಬೂಟಿನ ಸದ್ದಿಗಾಗಿ ಇಬ್ಬರೂ ಕಿವಿ ನೆಟ್ಟು ಕೂತರು. ಅತ್ತೆ ಸೊಸೆಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. "ಏಯ್, ಕಾರ್ ತೆಗಿಯಪ್ಪಾ!" ಎಂದು ಕಾವಲುಗಾರ ಯಾರಿಗೋ ಕೂಗಿದ. ಸೂಜಿ ಮತ್ತೆ ಹೊರಟಿತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಹೊಲಿಗೆ ಮುಗಿಸಿ, ಕತ್ತರಿಸಿದ ತುಂಡನ್ನು ಮೊದಲಿನಂತೆ ಮುಚ್ಚಿ ಪಿನ್ನು ಚುಚ್ಚಿದಳು.

"ಮುಟ್ಬೇಡಿ ಅತ್ತೆ. ಯಾರಾದ್ರೂ ನೋಡಿದ್ರೆ ನಾವು ಬೀದೀಲಿ."

"ನಾನ್ಯಾಕೆ ಮುಟ್ಲಿ!"

ಅಂಗಡಿಯಲ್ಲಿ ಗಿರಾಕಿ ಆಗಲೇ ಬಂದು ನಿಂತಿದ್ದ. ತೋಳನ್ನು ಪರೀಕ್ಷಿಸಲು ಅಂಗಡಿಯವನಿಗೆ ಹೊತ್ತೇ ಸಿಗಲಿಲ್ಲ. ಗಿರಾಕಿ ಕೋಟು ಕಸಿದುಕೊಂಡು, ತೊಟ್ಟು, ಬಾಗಿಲಾಚೆಯ ಬಿಸಿಲಿಗೆ ನಡೆದೇಬಿಟ್ಟ. ಅಂಗಡಿಯವನ ಮುಖ ಬಿಳಿಚಿತು. ಅವಳು ಬಾಗಿಲ ಮರೆಗೆ ಸರಿದಳು.

"ನೋಡ್ರಿ, ನಮ್ಮೂರು ಎಂಥ ಊರಾಗ್ಬಿಟ್ಟಿದೆ!" ಎನ್ನುತ್ತ ಗಿರಾಕಿ ಆ ಬೃಹತ್ ಚಿತ್ರದ ಫೋಟೋ ತೆಗೆಯಲು ಫೋನೆತ್ತಿದ. ರಫು ಮಾಡಿದ ತೋಳು ಅವನ ಕಣ್ಣಿನ ಪಕ್ಕದಲ್ಲೇ, ತುಂಬು ಬಿಸಿಲಲ್ಲಿ ಇತ್ತು. ಅವಳು ಕಣ್ಣು ಕಿರಿದು ಮಾಡಿ ಹುಡುಕಿದಳು. ತೂತು ಎಲ್ಲಿತ್ತೆಂದು ಅವಳಿಗೇ ತಿಳಿಯಲಿಲ್ಲ.

"ನಾಳೆ ಎರಡು ಶಾಲು ಇದೆ," ಅಂದ ಅಂಗಡಿಯವನು ಮೆಲ್ಲಗೆ. "ಬೆಳಿಗ್ಗೆ ಬಂದು ತಗೊಂಡ್ಹೋಗು."

ಅವಳಿಗೆ ಅಳು ಬರುವಷ್ಟು ಸಮಾಧಾನವಾಯಿತು. ಗಿರಾಕಿ ಫೋನು ಎತ್ತಿಕೊಂಡೇ ಇದ್ದ. ಅವನು ಅಷ್ಟು ಹೊತ್ತು ನೋಡುತ್ತಿರುವುದೇನೆಂದು ಅವಳೂ ಕತ್ತೆತ್ತಿದಳು.

ಗೋಪುರದ ನೂರಾರು ಹಳದಿ ಕಿಟಕಿಗಳಲ್ಲಿ ಒಂದು ಮಾತ್ರ ಕಪ್ಪಗೆ ತೆರೆದಿತ್ತು. ಅದರಿಂದ ಮುದಿ ಕೈಯೊಂದು ಮೊಣಕೈವರೆಗೂ ಹೊರಗೆ ಬಂದು, ಅಂಗೈ ಮೇಲೆ ಮಾಡಿ, ಬಿಸಿಲಿಗೆ ಒಡ್ಡಿಕೊಂಡು ಹಾಗೇ ನಿಂತಿತ್ತು.