ಎಣಿಸದೆ ಹಾಕಿದ ಸಹಿ

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅಕ್ಕ ಇಸ್ತ್ರಿ ಮಾಡುತ್ತಿದ್ದಳು. ತಂಗಿ ವಾರ್ಡುಗಳಿಂದ ಬಂದ ಹಾಸಿಗೆಬಟ್ಟೆ ವಿಂಗಡಿಸುತ್ತಿದ್ದಳು. ಬೆಳಗಿನಿಂದ ತಂಗಿಯದು ಒಂದೇ ರಾಗ.

"ನನ್ನ ಮಗಳ ತಲೇಲಿ ಏನ್ ತುಂಬಿದ್ಯೋ! ನಮ್ಮ ಬುಡಕಟ್ಟಿನ ಮಕ್ಕಳಿಗೆ ಅಂತಲೇ ಸರ್ಕಾರ ಸಂಜೆ ಪಾಠಕ್ಕೆ ಮೇಷ್ಟ್ರನ್ನ ಇಟ್ಟಿದೆ. ಆದ್ರೂ ಗಣಿತದಲ್ಲಿ ಫೇಲು. ಇವಳಿಗೆ ವಿಜ್ಞಾನ ಬೇಡ, ಬೇರೆ ಏನಾದ್ರೂ ಕಲಿಸಿ ಅಂತ ಸ್ಕೂಲಿಂದ ಕಾಗದ ಬಂದಿದೆ."

ಅಕ್ಕ ಕಾಗದ ಓದಿದಳು. 'ಅರವತ್ತು ದಿನ ವಿಶೇಷ ಪಾಠ ನೀಡಿದರೂ ವಿದ್ಯಾರ್ಥಿನಿಯಲ್ಲಿ ಪ್ರಗತಿ ಕಂಡುಬಂದಿಲ್ಲ' ಎಂದಿತ್ತು. ಹುಡುಗಿಗೆ ಇದೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಆಸೆ. ವಿಜ್ಞಾನ ತಪ್ಪಿದರೆ ಆ ಆಸೆಗೆ ಎಳ್ಳುನೀರು ಬಿಟ್ಟಂತೆಯೇ.

"ಅರವತ್ತು ದಿನ ಪಾಠ ಆಯ್ತಾ? ಅವಳನ್ನ ಕೇಳಿದ್ಯಾ?"

"ಮೇಷ್ಟ್ರು ಬಂದಿದ್ದೇ ನಾಲ್ಕು ದಿನ ಅಂತಾಳೆ. ಫೇಲಾದೋರು ಇನ್ನೇನು ಹೇಳ್ತಾರೆ? ಪಾಠ ಆಗಿದೆ ಅಂತ ತಿಂಗಳು ತಿಂಗಳೂ ಸಹಿ ಹಾಕಿದೋಳು ನಾನೇ ಅಲ್ವಾ?"

"ಹಾಳೆ ಓದಿ ಹಾಕಿದ್ಯಾ?"

"ಸ್ಕೂಲಿನ ಗುಮಾಸ್ತರು ಇಲ್ಲಿ ಹಾಕಮ್ಮ ಅಂದ್ರು, ಹಾಕ್ದೆ."

ಅಕ್ಕನಿಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ವಾರ್ಡಿನ ಆಯಾ ಮೂಟೆ ತಂದು ಕೆಡವಿ, "ನಲವತ್ತಿದೆ, ಬೇಗ ಸಹಿ ಹಾಕು" ಎಂದಳು.

"ಎಣಿಸದೆ ಹಾಕೋಕೆ ನಂಗೇನು ತಲೆ ಕೆಟ್ಟಿದ್ಯಾ?" ಎಂದು ತಂಗಿ ಒಂದೊಂದೇ ಎಣಿಸಿದಳು. ಮೂವತ್ತೆಂಟು ಇತ್ತು. ಮೂವತ್ತೆಂಟು ಎಂದೇ ಬರೆದು ಸಹಿ ಹಾಕಿದಳು.

ಅಕ್ಕ ಹಣೆ ಚಚ್ಚಿಕೊಂಡಳು. "ಎರಡು ಹಾಸಿಗೆಬಟ್ಟೆ ಕಮ್ಮಿ ಇದ್ರೆ ಬಿಡಲ್ಲ. ಮಗಳ ಪಾಠ ಐವತ್ತಾರು ದಿನ ಕಮ್ಮಿ ಇದ್ರೂ ಕಣ್ಮುಚ್ಚಿ ಹಾಕ್ತೀಯ! ಮೇಷ್ಟ್ರು ಬರಲಿಲ್ಲ, ನಿನ್ನ ಮಗಳು ದಡ್ಡಿ ಆದಳು. ಅದಕ್ಕೆ ಸಾಕ್ಷಿ ಯಾರು? ನೀನೇ."

ತಂಗಿಯ ಮುಖ ಸಪ್ಪಗಾಯಿತು. "ನಾವು ತಕರಾರು ಮಾಡಿದ್ರೆ ಯೋಜನೇನೇ ನಿಲ್ಲಿಸಿಬಿಟ್ರೆ, ಅಕ್ಕಾ?"

"ನಿಲ್ಲಿಸೋಕೆ ಅದು ನಡೀತಿದ್ರೆ ತಾನೇ? ನಮ್ಮ ಮಕ್ಕಳ ಹೆಸರಲ್ಲಿರೋ ಯೋಜನೆ ಕಣೇ. ಹಾಳೆ ನೋಡೋಣ, ನಕಲು ಕೇಳೋಣ. ಸುಮ್ನೆ ಕೂತ್ರೆ ಮೇಲಿನೋರಿಗೆ ಹೇಗೆ ಗೊತ್ತಾಗುತ್ತೆ?"

ಮರುದಿನ ಹುಡುಗಿಯನ್ನೂ ಕರೆದುಕೊಂಡು ಶಾಲೆಗೆ ಹೋದರು. ಇವರು ಬಾಯಿ ಬಿಡುವ ಮೊದಲೇ ಗುಮಾಸ್ತರು ಮುಂದಿನ ತಿಂಗಳ ಹಾಳೆ ಚಾಚಿದರು. ತಿಂಗಳು ಇನ್ನೂ ಶುರುವಾಗಿರಲಿಲ್ಲ, ಎಲ್ಲ ದಿನಗಳ ಮುಂದೆಯೂ ಪಾಠ ಆದ ಗುರುತು ಬಿದ್ದಿತ್ತು! ಹುಡುಗಿ ತನ್ನ ನೋಟ್‌ಪುಸ್ತಕ ತೆರೆದಳು. ಅದರಲ್ಲಿದ್ದದ್ದು ಸಂಜೆ ಪಾಠದ ನಾಲ್ಕೇ ತಾರೀಖು.

ತಂಗಿ ಪೆನ್ನು ತೆಗೆದುಕೊಂಡಳು. ಹಾಳೆಯ ಮೇಲೆ 'ಪಾಠ ಆಗಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದಳು. ಹಳೆಯ ಹಾಳೆಗಳ ನಕಲು ಪಡೆದು, ಮುಖ್ಯೋಪಾಧ್ಯಾಯರಿಗೂ ಇಲಾಖೆಯ ಕಚೇರಿಗೂ ದೂರು ಕೊಟ್ಟರು. ದೂರು ತಲುಪಿದ್ದಕ್ಕೆ ರಸೀದಿ ಕೇಳಿ ಪಡೆದವಳೂ ತಂಗಿಯೇ.

ಮೂರು ವಾರ ಅಲೆದಾಡಿದ ಮೇಲೆ ತಪಾಸಣೆಯ ಅಧಿಕಾರಿ ಬಂದರು. ಹಿಂದೆಲ್ಲ ಫೈಲು ತಿರುವಿ ಹೋಗುತ್ತಿದ್ದವರು ಈ ಸಲ ಬೆಂಚಿನ ಮೇಲೆ ಕೂತು ಮಕ್ಕಳನ್ನೇ ಕೇಳಿದರು. ಶಾಲೆ ಆ ಕಾಗದವನ್ನು ಹಿಂದಕ್ಕೆ ಪಡೆಯಿತು. ಹುಡುಗಿ ವಿಜ್ಞಾನದಲ್ಲೇ ಉಳಿದಳು, ಹೊಸ ಮೇಷ್ಟ್ರು ಬಂದರು.

"ನಿನ್ನ ಮಾತು ನಂಬಬೇಕಿತ್ತು, ಮಗಳೇ" ಎಂದಳು ತಾಯಿ. ಈಗ ದಿನಾ ಸಂಜೆ ಮಗಳನ್ನು ಕೇಳಿಯೇ ಗೋಡೆಯ ಕ್ಯಾಲೆಂಡರಿಗೆ ಗೆರೆ ಎಳೆಯುತ್ತಾಳೆ.

ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಕೈಗೂ ಇಂಥ ಹಾಳೆ ಬರುತ್ತದೆ. ಪೆನ್ನು ಹಿಡಿಯುವ ಮೊದಲು ಹಾಳೆ ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ಮನೆಯಲ್ಲಿ ಮಗುವನ್ನು ಕೇಳಿ. ಪಾಠ ಆಗಿಲ್ಲದಿದ್ದರೆ ಆಗಿಲ್ಲ ಎಂದೇ ಬರೆಯಿರಿ. ಸಹಿ ನಿಮ್ಮದು, ಆದರೆ ಅದರ ಫಲ ಉಣ್ಣುವುದು ನಿಮ್ಮ ಮಗು.