ಮಾರಕ್ಕನ ಬಲಗೈ

ಕುಂದಾಣದ ಮಾರಕ್ಕನಿಗೆ ಎಂಬತ್ತು ದಾಟಿತ್ತು. ಆದರೂ ಊರಿನ ಹಾಲಿನ ಸಂಘದ ಸಭೆಯಲ್ಲಿ ಅವಳ ಮಾತಿಗೆ ಎದುರಾಡುವವರಿರಲಿಲ್ಲ. ಅಂಥವಳು ಆ ಬೆಳಗ್ಗೆ ಮಂಚದಿಂದ ಏಳಲಾಗದೆ ಒದ್ದಾಡುತ್ತಿದ್ದುದನ್ನು ಕಂಡು ಸೊಸೆ ಯಶಸ್ವಿನಿ ಕಾಫಿ ಲೋಟ ಕೆಳಗಿಟ್ಟಳು. ಅತ್ತೆಯ ಬಾಯಿ ಸೊಟ್ಟಗಾಗಿತ್ತು. ಬಲಗೈ ಎತ್ತಿ ಹಿಡಿದರೆ ಜಾರಿ ಬೀಳುತ್ತಿತ್ತು. ಮಾತಾಡಲು ಹೋದರೆ ಬರೀ ಸದ್ದು.

ಪಕ್ಕದ ಮನೆಯ ಮುನಿಶಾಮಪ್ಪ ಬಂದು ನೋಡಿ, ಇದು ಲಕ್ವ, ನಾಟಿ ಔಷಧಿ ಕೊಡುವವರನ್ನು ಬಲ್ಲೆ ಅಂದ. ಮಾರಕ್ಕನ ಮಗ ಮುನಿಕೃಷ್ಣ ಅತ್ತಲೋ ಇತ್ತಲೋ ಎಂದು ನಿಂತ.

"ಅದೆಲ್ಲಾ ಆಮೇಲೆ ನೋಡಾಣ. ಮೊದ್ಲು ಕಾರ್ ತೆಗೀರಿ," ಅಂದಳು ಯಶಸ್ವಿನಿ.

ದೇವನಹಳ್ಳಿಯಲ್ಲಿ ಸ್ಕ್ಯಾನ್ ಮಾಡಿದರು. ಮಿದುಳಿನ ದೊಡ್ಡ ರಕ್ತನಾಳವೊಂದರಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ಕರಗಿಸುವ ಇಂಜೆಕ್ಷನ್ ಶುರುವಾದ ಕೆಲವೇ ಗಂಟೆಗಳೊಳಗೆ ಕೊಡಬೇಕು; ನಿದ್ದೆಯಲ್ಲಿ ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲದ್ದರಿಂದ ಕೊಡುವಂತಿರಲಿಲ್ಲ. ಅಲ್ಲಿನ ವೈದ್ಯರು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ಆಂಬುಲೆನ್ಸ್ ಹತ್ತಿಸಿದರು.

ಅಲ್ಲಿ ಹೆಪ್ಪನ್ನು ನಾಳದೊಳಗಿಂದಲೇ ಎಳೆದು ತೆಗೆಯಬಹುದೇ ಎಂದು ನೋಡಲು ಡಾಕ್ಟರ್ ಪದ್ಮಶ್ರೀ ಕಾಯುತ್ತಿದ್ದರು. ಜೊತೆಯಲ್ಲಿದ್ದ ಕಿರಿಯ ವೈದ್ಯ ಅಮರ್‌ಗೆ ಅನುಮಾನವಿತ್ತು. ವಯಸ್ಸಾಗಿದೆ, ಮಿದುಳಿನ ಆ ಭಾಗ ಆಗಲೇ ಸತ್ತಿದ್ದರೆ, ಮುಚ್ಚಿದ ನಾಳ ತೆರೆದಾಗ ರಕ್ತಸ್ರಾವವಾಗಬಹುದು. ಪದ್ಮಶ್ರೀ ಆ ಮಾತನ್ನು ತಳ್ಳಿಹಾಕಲಿಲ್ಲ. ರಕ್ತದ ಹರಿವು ತೋರಿಸುವ ಇನ್ನೊಂದು ಸ್ಕ್ಯಾನ್ ಮಾಡಿಸಿದರು. ಸತ್ತ ಭಾಗ ಚಿಕ್ಕದು. ಅದರ ಸುತ್ತ ಬಹುಪಾಲು ಮಿದುಳು ರಕ್ತವಿಲ್ಲದೆ ಸೊರಗಿದ್ದರೂ ಜೀವಂತವಾಗಿತ್ತು. ನಿನ್ನೆಯವರೆಗೆ ಹೇಗಿದ್ದರು ಎಂದು ಯಶಸ್ವಿನಿಯನ್ನು ಕೇಳಿದರು.

"ನೆನ್ನೆ ಸಂಜೆ ಹುಲ್ಲಿನ ಹೊರೆ ಹೊತ್ಕೊಂಡ್ ಬಂದ್ರು ಮೇಡಂ."

"ಹಂಗಾದ್ರೆ ಉಳಿಸ್ಕೊಳ್ಳೋಕೆ ತುಂಬಾ ಇದೆ," ಅಂದರು ಪದ್ಮಶ್ರೀ. ಅಪಾಯವನ್ನೂ ಮುಚ್ಚಿಡದೆ ಹೇಳಿದರು. ಮುನಿಕೃಷ್ಣ ಒಪ್ಪಿದ.

ತೊಡೆಯ ಸಂದಿಯಲ್ಲಿ ಸಣ್ಣ ತೂತು ಮಾಡಿ, ಅಲ್ಲಿಂದ ತೆಳ್ಳನೆಯ ನಳಿಕೆಯನ್ನು ಮಿದುಳಿನವರೆಗೆ ಏರಿಸಿದರು. ಹೆಪ್ಪನ್ನು ಹಿಡಿದೆಳೆಯಲು ಮೊದಲ ಸಲ ಒಳಹೋದ ತಂತಿಬಲೆ ಬರಿದೇ ಬಂತು. ಎರಡನೆಯ ಸಲ ಪದ್ಮಶ್ರೀ ಬಲೆಯನ್ನು ಬಿಡಿಸಿ, ಕಾದು, ನಳಿಕೆಯಿಂದ ಹೀರುತ್ತಾ ಮೆಲ್ಲಗೆ ಎಳೆದರು. ಭತ್ತದ ಕಾಳಿನಷ್ಟು ಕಪ್ಪು ಹೆಪ್ಪು ಹೊರಬಂತು. ಪರದೆಯ ಮೇಲೆ ಅಲ್ಲಿಯವರೆಗೆ ಮೊಂಡಾಗಿ ನಿಂತಿದ್ದ ನಾಳದ ಕವಲುಗಳೆಲ್ಲ ತುಂಬಿಕೊಂಡವು.

"ಅಜ್ಜಿ, ಬಲಗೈ ಎತ್ತಿ ನೋಡಣ," ಅಂದರು ಪದ್ಮಶ್ರೀ.

ಮೊದಲು ಬೆರಳು ಅಲುಗಿದವು. ಆಮೇಲೆ ಇಡೀ ಕೈ ನಡುಗುತ್ತ ಮೇಲೆದ್ದು, ಪಕ್ಕದಲ್ಲಿದ್ದ ಅಮರ್‌ನ ಮಣಿಕಟ್ಟನ್ನು ಹಿಡಿಯಿತು. ಬಿಡಿಸಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

ಹೊರಗೆ ಕರೆತಂದಾಗ ಮುನಿಕೃಷ್ಣ ಕೆದರಿದ ತಲೆಯಲ್ಲೇ ಓಡಿಬಂದ. ಮಾರಕ್ಕನ ನಾಲಿಗೆ ಇನ್ನೂ ತುಸು ತೊದಲುತ್ತಿತ್ತು.

"ಯಾಕಪ್ಪಾ, ಹಿಂಗಿದ್ದೀಯ? ಏನಾದ್ರೂ ತಿಂದ್ಯಾ?"

ಯಶಸ್ವಿನಿ ಅಳುತ್ತಲೇ ನಕ್ಕುಬಿಟ್ಟಳು. ವಾರ ಕಳೆಯುವಷ್ಟರಲ್ಲಿ ಮಾರಕ್ಕ ಕೋಲಿಲ್ಲದೆ ವಾರ್ಡಿನ ಉದ್ದಕ್ಕೂ ನಡೆಯುತ್ತಿದ್ದಳು. ಎದುರು ಹಾಸಿಗೆಯ ಹೆಂಗಸನ್ನೂ ಎಬ್ಬಿಸಿ ಜೊತೆಗೆ ನಡೆಸುತ್ತಿದ್ದಳು.