ಇಪ್ಪತ್ತೇಳನೇ ನಂಬರಿನ ಕೆಂಪು ಮುಳ್ಳು

ಮಾರ್ಲೀಸ್ ಅತ್ತೆಯ ಕೈಗಡಿಯಾರ ನಕಲಿ ಎಂದು ಕಾಗದ ಬಂದ ದಿನ ನಮ್ಮ ಬ್ರೆವೀನ್ ಕಣಿವೆಯಲ್ಲಿ ಚಳಿ ಎಷ್ಟಿತ್ತೆಂದರೆ, ಥರ್ಮಾಮೀಟರಿನ ಪಾದರಸ ಇಳಿದೂ ಇಳಿದೂ ಸಾಕಾಗಿ, ಕೊನೆಗೆ ಒಳಗೆ ಬಂದು ಒಲೆಯ ಪಕ್ಕ ಕೂತಿತ್ತು. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಈ ಕಣಿವೆಯಲ್ಲಿ ಇಪ್ಪತ್ತಾರು ವರ್ಷದಿಂದ ಅಂಚೆ ಬಸ್ಸು ಓಡಿಸುತ್ತಿರುವ ನಾನು ಸುಳ್ಳು ಹೇಳಿದರೆ ಬಸ್ಸು ಸ್ಟಾರ್ಟ್ ಆಗುವುದಿಲ್ಲ.

ಕಾಗದ ಓಲ್ವಾನ್ ಗಡಿಯಾರ ಕಂಪನಿಯದು. ಅತ್ತೆ ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ಅದನ್ನು ನೀರಲ್ಲಿ ಅದ್ದಿ, ಸಾಸೇಜಿಗೆ ಸುತ್ತಿ, ಒಲೆಯ ಬೂದಿಯೊಳಗೆ ಹೂತರು. ನಮ್ಮಲ್ಲಿ ಸಾಸೇಜು ಬೇಯಿಸುವುದೇ ಹಾಗೆ. ಆದರೆ ಸಾಮಾನ್ಯವಾಗಿ ಹಳೇ ಪೇಪರು ಬಳಸುತ್ತೇವೆ.

"ಏನಂತೆ ಅತ್ತೆ?"

"ನಾನು ಕಳ್ಳಿಯಂತೆ ಕಣೋ. ನನ್ನ ಗಡಿಯಾರದ ಕೆಂಪು ಮುಳ್ಳಿಗೆ ಬಳಿದಿರೋದು ನೇಲ್ ಪಾಲಿಶ್ ಅಂತೆ. ಲ್ಯಾಬಲ್ಲಿ ಗೊತ್ತಾಯ್ತಂತೆ."

"ಹೌದಾ?"

"ಹೌದು. ನೇಲ್ ಪಾಲಿಶೇ. ಬಳಿದೋಳು ನಾನೇ."

ನಾನು ಸಾಸೇಜಿನ ಕಡೆ ನೋಡಿದೆ.

ಕಥೆ ಹೀಗಿದೆ. ಅರವತ್ತೊಂಬತ್ತರ ಜನವರಿಯಲ್ಲಿ ನಮ್ಮ ಕಣಿವೆಯ ಸ್ಕೀ ಓಟಕ್ಕೆಂದು ಓಲ್ವಾನ್ ಕಂಪನಿ ನಲವತ್ತೇ ನಲವತ್ತು ಕ್ರೋನೊಗ್ರಾಫ್ ಮಾಡಿತು. ಅಂದರೆ ಹೊತ್ತೂ ತೋರಿಸಿ, ಪಕ್ಕದ ಗುಂಡಿ ಒತ್ತಿದರೆ ಓಟದ ಸೆಕೆಂಡನ್ನೂ ಎಣಿಸುವ ಕೈಗಡಿಯಾರ. ಪ್ರತಿಯೊಂದರ ಬೆನ್ನಿಗೂ ಒಂದೊಂದು ನಂಬರು. ಹಿಮದ ಬೆಳಕಲ್ಲಿ ಕಣ್ಣಿಗೆ ಹೊಡೆಯಲಿ ಎಂದು ಸೆಕೆಂಡಿನ ಉದ್ದ ಮುಳ್ಳು ಕೆಂಪಗಿರಬೇಕೆಂದು ಅಪ್ಪಣೆ. ಬಣ್ಣವೇನೋ ಬಂತು, ಆದರೆ ದಾರಿಯಲ್ಲೇ ಹೆಪ್ಪುಗಟ್ಟಿ ಜಲ್ಲಿಕಲ್ಲಾಗಿ ಬಂತು. ಅಂದು ಶುಕ್ರವಾರ. ಓಟ ಭಾನುವಾರ.

ಮುಳ್ಳು ಕೂರಿಸುವ ಕೆಲಸ ಇಪ್ಪತ್ತೊಂದು ವರ್ಷದ ಮಾರ್ಲೀಸಳದು. ಮಾರನೇ ದಿನ ಶನಿವಾರ ಅವಳ ಮದುವೆ. ಅವಳ ಚೀಲದಲ್ಲಿ ಒಂದು ಸೀಸೆ ಕೆಂಪು ನೇಲ್ ಪಾಲಿಶ್ ಇತ್ತು, ಜೀವನದಲ್ಲಿ ಮೊದಲ ಸಲ ಕೊಂಡದ್ದು. ಗಡಿಯಾರದ ಕಾರ್ಖಾನೆಯಲ್ಲಿ ಹುಡುಗಿಯರು ಉಗುರಿಗೆ ಬಣ್ಣ ಹಚ್ಚುವಂತಿರಲಿಲ್ಲ. ಒಂದು ಚೂರು ಎದ್ದು ಯಂತ್ರದೊಳಗೆ ಬಿದ್ದರೆ ಗಡಿಯಾರ ನಿಂತೇ ಹೋಗುತ್ತದೆ. ಸೀಸೆಯನ್ನು ಒಳಗೆ ತಂದದ್ದು ಗೊತ್ತಾದರೂ ಮನೆಗೆ ಕಳಿಸುತ್ತಿದ್ದರು. ಮಾರ್ಲೀಸ್ ಸೀಸೆ ಹೊರತೆಗೆದು ಮೇಜಿನ ಮೇಲಿಟ್ಟಳು. ಮೇಸ್ತ್ರಿ ಕಿಟಕಿಯ ಕಡೆ ತಿರುಗಿ ಹಿಮ ಬೀಳುತ್ತಿದೆಯೇ ಎಂದು ಮೂರು ಗಂಟೆ ಕಾಲ ನೋಡಿದ. ಬೀಳುತ್ತಿರಲಿಲ್ಲ. ನಲವತ್ತನೇ ಮುಳ್ಳಿಗೆ ಸೀಸೆ ಬರಿದಾಯಿತು. ಆಗ ಮೇಸ್ತ್ರಿ ಇತ್ತ ತಿರುಗಿ ರಿಜಿಸ್ಟರಿನಲ್ಲಿ ಬರೆದ: "ಕೆಂಪು. ಕಾರ್ಖಾನೆಯ ಬಣ್ಣ, ನಂಬರ್ ನಾಲ್ಕು."

ಮಾರ್ಲೀಸ್ ಬರೀ ಉಗುರಲ್ಲೇ ಮದುವೆಯಾದಳು. ಗಂಡ ಗಮನಿಸಲಿಲ್ಲ. ಅವನು ಮುಂದಿನ ನಲವತ್ತು ವರ್ಷವೂ ಏನನ್ನೂ ಗಮನಿಸಲಿಲ್ಲ, ಹಾಗಾಗಿ ಸಂಸಾರ ಚೆನ್ನಾಗಿತ್ತು.

ನಲವತ್ತರಲ್ಲಿ ಒಂದೂ ಕೆಲಸಗಾರರಿಗೆ ಸಿಗಲಿಲ್ಲ. ಅತ್ತೆ ಅಡುಗೆ ಪುಸ್ತಕದ ಕೊನೇ ಹಾಳೆಯಲ್ಲಿ ನಲವತ್ತು ನಂಬರು ಬರೆದು, ಯಾವುದು ಯಾರ ಮಣಿಕಟ್ಟಿನಲ್ಲಿದೆ ಎಂದು ಪತ್ತೆ ಹಚ್ಚುತ್ತಾ ಹೋದರು. ಇಪ್ಪತ್ತೇಳನೇದು ಸಿಕ್ಕಿದ್ದು ಓಟದ ಟೈಮ್ ನೋಡುತ್ತಿದ್ದವನೊಬ್ಬನ ವಿಧವೆಯ ಬಳಿ. ಆಕೆ ಮಾರಲು ಒಪ್ಪಲಿಲ್ಲ. ಗುರುವಾರ ಗುರುವಾರ ಇಸ್ಪೀಟಿಗೆ ಜೊತೆ ಬೇಕಿತ್ತು, ಅಷ್ಟೆ. ಅತ್ತೆ ಹನ್ನೊಂದು ವರ್ಷ ಪ್ರತಿ ಗುರುವಾರ ಹೋಗಿ ಬೇಕಂತಲೇ ಸೋತರು. ಸೋಲುವುದೆಂದರೆ ಅತ್ತೆಗೆ ಹೆರಿಗೆಗಿಂತ ಕಷ್ಟ. ಆಕೆ ಸತ್ತ ಮೇಲೆ ಗಡಿಯಾರ ಅತ್ತೆಗೆ ಬಂತು, ಜೊತೆಗೊಂದು ಚೀಟಿ: "ಇಷ್ಟು ಕೆಟ್ಟದಾಗಿ ಯಾರೂ ಆಡೋಲ್ಲ ಮಾರ್ಲೀಸ್. ನಂಗೆ ಮೊದಲ ವಾರವೇ ಗೊತ್ತಾಗಿತ್ತು."

ಈಗ ಓಟಕ್ಕೆ ಐವತ್ತು ವರ್ಷ ತುಂಬಿತು. ಉಳಿದಷ್ಟೂ ಗಡಿಯಾರಗಳನ್ನು ಒಟ್ಟಿಗೆ ಸೇರಿಸಿ ಕಂಪನಿ ಪ್ರದರ್ಶನ ಇಡಲಿತ್ತು. ಮಾಲೀಕರಲ್ಲಿ ಎಲ್ಲರಿಗಿಂತ ಮೊದಲು ಅತ್ತೆಯೇ ತಮ್ಮದನ್ನು ಪರೀಕ್ಷೆಗೆ ಕೊಟ್ಟು, ವಾಪಸ್ ತಂದಿದ್ದರು. ಉತ್ತರವೇ ಆ ಸಾಸೇಜಿನ ಕಾಗದ. ನೇಲ್ ಪಾಲಿಶ್ ಬಳಿದ ಮುಳ್ಳನ್ನು ತೆಗೆದು "ಸರಿಯಾದ" ಮುಳ್ಳು ಹಾಕಲು ಒಪ್ಪಿದರೆ ಎಲ್ಲಾ ಪುಕ್ಕಟೆ: ಮುಳ್ಳು, ಅಸಲಿ ಎಂಬ ಪ್ರಮಾಣಪತ್ರ, ಗಾಜಿನ ಪೆಟ್ಟಿಗೆಯಲ್ಲೊಂದು ಜಾಗ. ಒಪ್ಪದಿದ್ದರೆ ಅಚ್ಚಾಗುವ ಪುಸ್ತಕದಲ್ಲಿ ಹೀಗೆ ಬರುತ್ತದೆ: "ನಂಬರ್ ಇಪ್ಪತ್ತೇಳು. ತಿದ್ದಲ್ಪಟ್ಟಿದೆ. ಮಾಲೀಕರು, ಮಾರ್ಲೀಸ್ ಹ್ಯೂಗೆನಾ." ಗಡಿಯಾರವನ್ನೇ ಉಂಡು ಗಡಿಯಾರವನ್ನೇ ಉಡುವ ಈ ಕಣಿವೆಯಲ್ಲಿ ಹಾಗೆ ಅಚ್ಚಾಗುವುದಕ್ಕಿಂತ ಇಗರ್ಜಿಯ ಹುಂಡಿ ಕದ್ದಳು ಎಂದು ಅಚ್ಚಾಗುವುದು ಮೇಲು.

"ಮುಳ್ಳು ಬದಲಾಯಿಸ್ಬಿಡಿ ಅತ್ತೆ," ಅಂದೆ. "ಯಾರಿಗೆ ಗೊತ್ತಾಗತ್ತೆ?"

"ನಂಗೆ ಗೊತ್ತಾಗತ್ತಲ್ಲೋ ಕತ್ತೆ. ನಾಳೆ ಎಷ್ಟು ಗಂಟೆಗೆ ನಿನ್ನ ಬಸ್ಸು?"

ಮಾರನೇ ದಿನ ಅತ್ತೆ ಬಸ್ಸು ಹತ್ತಿದವರು, ನಡುದಾರಿಯಲ್ಲಿ ಔಷಧದ ಅಂಗಡಿ ಮುಂದೆ ನಿಲ್ಲಿಸೋ ಅಂದರು. ಅಲ್ಲಿ ಸ್ಟಾಪಿಲ್ಲ. ನಿಲ್ಲಿಸಿದೆ. ಚಿಕ್ಕ ಪೊಟ್ಟಣದೊಂದಿಗೆ ವಾಪಸ್ ಬಂದು ಮೊದಲನೇ ಸೀಟಲ್ಲಿ ಕೂತರು. ಅಲ್ಲಿಂದ ಲೆ ಲೊಕ್ಲ್ ಪಟ್ಟಣದವರೆಗೆ ಹದಿನೇಳು ತಿರುವು, ರಸ್ತೆ ತುಂಬಾ ಐಸು. ಪ್ರಯಾಣಿಕರೆಲ್ಲ ಕಂಬಿ ಹಿಡಿದು ದೇವರನ್ನು ನೆನೆಯುತ್ತಿದ್ದರೆ, ಅತ್ತೆ ಹೊಸ ಸೀಸೆ ತೆರೆದು ಹತ್ತೂ ಉಗುರಿಗೆ ಕೆಂಪು ಹಚ್ಚಿಕೊಂಡರು. ಒಂದು ಗೆರೆ ಆಚೆ ಈಚೆ ಆಗಲಿಲ್ಲ. ಎಪ್ಪತ್ತೊಂದು ವರ್ಷ! ಹನ್ನೆರಡನೇ ತಿರುವಿನಲ್ಲಿ ಬಸ್ಸು ಪೂರ್ತಿ ಒಂದು ಸುತ್ತು ತಿರುಗಿತು. ಅತ್ತೆ ಕೈ ಮಾತ್ರ ಇದ್ದಲ್ಲೇ ಇತ್ತು, ಬೆರಳಿನ ಸುತ್ತ ಬಸ್ಸೇ ತಿರುಗಿದ ಹಾಗೆ.

ಕಂಪನಿಯ ಸಂಗ್ರಹಾಲಯದಲ್ಲಿ ನಮ್ಮನ್ನು ಎದುರುಗೊಂಡವನು ಮೊರೆಲ್ ಎಂಬ ತಜ್ಞ. ಜಿನೀವಾದವನು, ಬಿಳಿ ಕೈಗವಸು, ಮಾತಿನಲ್ಲಿ ಬೆಣ್ಣೆ. ಕಂಪನಿ ಈಗ ಹೊಸ ಒಡೆಯರ ಕೈಗೆ ಹೋಗಿದೆ, ಹಳಬರಲ್ಲಿ ಉಳಿದಿರುವವನು ಒಬ್ಬನೇ: ಮೂಲೆಯ ಮೇಜಿನಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ರಿಪೇರಿಯ ನ್ಯುಮಾ ಜಾಕೊ. ಅವನು ತಲೆ ಎತ್ತಲಿಲ್ಲ. ಅವನು ತಲೆ ಎತ್ತಿದ್ದನ್ನು ನೋಡಿದವರು ಊರಲ್ಲಿ ಇಬ್ಬರೇ, ಅವರಲ್ಲಿ ಒಬ್ಬರು ತೀರಿಕೊಂಡಿದ್ದಾರೆ.

ಮೊರೆಲ್ ರಿಜಿಸ್ಟರನ್ನು ತೆರೆದು ತೋರಿಸಿದ. "ನೋಡಿ ಮೇಡಂ, ನಾನು ಹೇಳ್ತಿಲ್ಲ, ದಾಖಲೆ ಹೇಳ್ತಿದೆ. ಕಾರ್ಖಾನೆಯ ಬಣ್ಣ, ನಂಬರ್ ನಾಲ್ಕು."

"ಆ ದಾಖಲೆ ಸುಳ್ಳು ಕಣಪ್ಪ. ಬರೆಯೋವಾಗ ನಾನು ಪಕ್ಕದಲ್ಲೇ ಇದ್ದೆ."

"ಐವತ್ತು ವರ್ಷದ ಹಿಂದಿನ ನೆನಪು ಮೇಡಂ..."

"ನೀನು ಹುಟ್ಟಿದ್ದನ್ನ ನಿಮ್ಮಮ್ಮ ಮರ್ತಿದಾರಾ? ನನಗೆ ಮದುವೆ ಉಗುರು ಹೋಯ್ತು ಕಣಪ್ಪ, ಮರೆಯೋದು ಹ್ಯಾಗೆ?"

ಮೊರೆಲ್ ನಕ್ಕ. "ಸರಿ. ನೀವು ಹೇಳೋ ಪ್ರಕಾರ ನಲವತ್ತಕ್ಕೂ ನೇಲ್ ಪಾಲಿಶ್. ಹಾಗಾದ್ರೆ ನಮ್ಮ ಈ ಒಂದನೇ ನಂಬರು? ಹೊರಗೇ ಹೋಗಿಲ್ಲ ಇದು. ಇದನ್ನೂ ಪರೀಕ್ಷೆ ಮಾಡಿಸಿದೀನಿ. ಅಪ್ಪಟ ಕಾರ್ಖಾನೆ ಬಣ್ಣ." ಗಾಜಿನೊಳಗೆ ಅದು ಕೂತಿತ್ತು. ಮುಳ್ಳು ನಿಜವಾಗಿಯೂ ಬೇರೆ ಕೆಂಪು, ಟೊಮೆಟೊ ಕೆಂಪು. ಅತ್ತೆಯದು ಚೆರ್ರಿ.

ಅತ್ತೆ ಗಾಜಿಗೆ ಮೂಗು ತಾಗಿಸಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

"ಇದು ನನ್ನ ಮುಳ್ಳಲ್ಲ," ಎಂದರು ಮೆಲ್ಲಗೆ.

"ಅಂದ್ರೆ ಒಪ್ಪಿಗೆ ಪತ್ರಕ್ಕೆ ರುಜು ಹಾಕ್ತೀರಾ? ಹತ್ತು ನಿಮಿಷದಲ್ಲಿ ನ್ಯುಮಾ ಹೊಸ ಮುಳ್ಳು ಕೂರಿಸ್ತಾನೆ."

ಮೊರೆಲ್ ಪೆನ್ನು ಚಾಚಿದ. ಅತ್ತೆ ಪೆನ್ನನ್ನೂ ನೋಡಿದರು, ಒಂದನೇ ನಂಬರನ್ನೂ ನೋಡಿದರು.

"ಹಾಕಲ್ಲ," ಎಂದರು. "ಬೇಕಾದ್ದು ಅಚ್ಚು ಮಾಡ್ಕೋ. ಹೆಸರು ಮಾತ್ರ ದಪ್ಪಕ್ಷರದಲ್ಲಿ ಮಾಡು, ನಮ್ಮೂರಲ್ಲಿ ಮುದುಕರು ಜಾಸ್ತಿ."

ಆಗ ಮೂಲೆಯಿಂದ ಒಂದು ದನಿ ಬಂತು. "ನಿಮ್ಮ ಮುಳ್ಳಲ್ಲ ಅದು. ನಿಜ." ನ್ಯುಮಾ ತಲೆ ಎತ್ತಿದ್ದ. "ಅದನ್ನ ಕೂರಿಸಿದ್ದು ನಾನು. ಆರು ವರ್ಷ ಆಯ್ತು."

"ನ್ಯುಮಾ, ನೀನು ಸುಮ್ನಿರು," ಎಂದ ಮೊರೆಲ್.

"ಮೂವತ್ತೆಂಟು ವರ್ಷ ಸುಮ್ನೇ ಇದ್ದೆ ಸಾರ್. ಒಂದ್ನಿಮಿಷ ತಾಳಿ."

ನಮ್ಮ ಕಣಿವೆಯ ರಿಪೇರಿಯವರಿಗೆ ಒಂದು ಚಟ. ಗಡಿಯಾರದಿಂದ ತೆಗೆದ ಹಳೇ ಭಾಗವನ್ನು ಸತ್ತರೂ ಎಸೆಯುವುದಿಲ್ಲ. ಸ್ಕ್ರೂ ಮುರಿದರೂ ಪುಟ್ಟ ಲಕೋಟೆ, ಮೇಲೆ ತಾರೀಖು. ನಮ್ಮಪ್ಪ ಹಲ್ಲು ಕೀಳಿಸಿಕೊಂಡಾಗಲೂ ಹಾಗೇ ಇಟ್ಟಿದ್ದರು. ನ್ಯುಮಾ ಮುನ್ನೂರು ಡ್ರಾಯರುಗಳ ಒಂದು ಕಪಾಟಿನ ಮುಂದೆ ನಿಂತು, ನೋಡದೆಯೇ ಒಂದನ್ನು ಎಳೆದು, ಬೆರಳಗಲದ ಲಕೋಟೆಯೊಂದನ್ನು ತಂದು ಮೇಜಿನ ಮೇಲಿಟ್ಟ. ಅದರ ಮೇಲೆ ಪೆನ್ಸಿಲಿನಲ್ಲಿ ಹೀಗೆ ಬರೆದಿತ್ತು: "ಒಂದನೇ ನಂಬರು. ಸೆಕೆಂಡ್ ಮುಳ್ಳು. ನೇಲ್ ಪಾಲಿಶ್. ರಿಜಿಸ್ಟರಿಗೆ ಹೊಂದಲ್ಲ ಅಂತ ಮೇಲಿನವರ ಅಪ್ಪಣೆ ಮೇರೆಗೆ ತೆಗೆದದ್ದು. ನನಗೆ ಇಷ್ಟವಿರಲಿಲ್ಲ."

ಚಿಮುಟದಲ್ಲಿ ಮುಳ್ಳನ್ನು ಎತ್ತಿ ಅತ್ತೆಯ ಗಡಿಯಾರದ ಪಕ್ಕ ಹಿಡಿದ. ಚೆರ್ರಿಗೆ ಚೆರ್ರಿ. ಆಮೇಲೆ ಅತ್ತೆಯ ಬೆರಳ ಪಕ್ಕಕ್ಕೂ ಹಿಡಿದು, "ಉಗುರು ಸ್ವಲ್ಪ ಗಾಢ," ಎಂದ.

"ಆ ಬಣ್ಣ ಈಗ ಸಿಗಲ್ಲ ಕಣೋ," ಎಂದರು ಅತ್ತೆ.

ಮೊರೆಲ್ ಕೈಗವಸು ಬಿಚ್ಚಿದ. ಒಳಗೆ ಕೈ ಬೆವೆತಿತ್ತು. ನಲವತ್ತರಲ್ಲಿ ಖಾತ್ರಿಯಾಗಿ ತಿದ್ದಲ್ಪಟ್ಟಿರುವುದು ಒಂದೇ ಒಂದು ಎಂದು ಅವನಿಗೂ ಹೊಳೆದಿತ್ತು, ಅದು ಅವನದೇ ಗಾಜಿನೊಳಗಿತ್ತು.

"ಮೇಡಂ, ಇದನ್ನ ನಮ್ಮನಮ್ಮಲ್ಲೇ ಸರಿ ಮಾಡ್ಕೊಳ್ಳೋಣ," ಎಂದ. "ಒಂದನೇ ನಂಬರಿಗೆ ಹಳೇ ಮುಳ್ಳನ್ನೇ ವಾಪಸ್ ಹಾಕಿಸ್ತೀನಿ. ನಿಮ್ಮದು ಅಸಲಿ ಅಂತ ಇವತ್ತೇ ಪ್ರಮಾಣಪತ್ರ. ನೇಲ್ ಪಾಲಿಶ್ ಮಾತು ಯಾಕೆ? ಬರೀ ಕೆಂಪು ಅಂತ ಹಾಕಿದ್ರಾಯ್ತು."

"ಆಗಲ್ಲ. ರಿಜಿಸ್ಟರಲ್ಲಿ ನಿಜ ಬರಿ."

"ರಿಜಿಸ್ಟರ್ ಐತಿಹಾಸಿಕ ದಾಖಲೆ ಮೇಡಂ. ಅದರಲ್ಲಿ ಒಂದಕ್ಷರ ಬರೆಯೋ ಅಧಿಕಾರ ನನಗಿಲ್ಲ. ಯಾರಿಗೂ ಇಲ್ಲ."

"ಓ," ಎಂದರು ಅತ್ತೆ. "ಅಧಿಕಾರ."

ಚೀಲ ತೆರೆದು ಸೀಸೆ ತೆಗೆದರು, ಮುಚ್ಚಳ ತಿರುಗಿಸಿದರು. ಮೊರೆಲ್‌ಗೆ ವಾಸನೆ ಬಡಿಯುವಷ್ಟರಲ್ಲಿ ರಿಜಿಸ್ಟರಿನ "ಕಾರ್ಖಾನೆಯ ಬಣ್ಣ, ನಂಬರ್ ನಾಲ್ಕು" ಎಂಬ ಸಾಲಿನ ಮೇಲೆ ಉದ್ದಕ್ಕೂ ಒಂದು ಕೆಂಪು ಗೆರೆ ಬಿದ್ದಿತ್ತು. ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ, ಮುಳ್ಳಿನಷ್ಟೇ ಅಗಲ. ಅದರ ಕೆಳಗೆ ಅದೇ ಕುಂಚದಲ್ಲಿ ಪುಟ್ಟ ಅಕ್ಷರ: "ಮಾರ್ಲೀಸಳ ನೇಲ್ ಪಾಲಿಶ್."

ಮೊರೆಲ್ ಕಿರುಚಿದ್ದು ನನ್ನ ಬಸ್ಸಿನೊಳಗೆ ಕಾಯುತ್ತಿದ್ದವರಿಗೂ ಕೇಳಿಸಿತಂತೆ. "ನ್ಯುಮಾ! ಅಳಿಸು! ಒಣಗೋಕೆ ಮುಂಚೆ ಅಳಿಸು!"

ನ್ಯುಮಾ ಕಿಟಕಿಯ ಕಡೆ ತಿರುಗಿ, ಹಿಮ ಬೀಳುತ್ತಿದೆಯೇ ಎಂದು ನೋಡತೊಡಗಿದ. ಬೀಳುತ್ತಿರಲಿಲ್ಲ.

ಅತ್ತೆ ಪುಟಕ್ಕೆ ಎರಡು ಸಲ ಉಫ್ ಎಂದು ಊದಿ ಸೀಸೆ ಮುಚ್ಚಿದರು. ಇಪ್ಪತ್ತೇಳನೇ ನಂಬರನ್ನು ಕೈಗೆ ಕಟ್ಟಿಕೊಂಡು ಗುಂಡಿ ಒತ್ತಿದರು. ಕೆಂಪು ಮುಳ್ಳು ಓಡಲು ಶುರುವಾಯಿತು.

"ಒಣಗೋಕೆ ಎರಡು ನಿಮಿಷ ಕಣಪ್ಪ," ಎಂದರು ಮೊರೆಲ್‌ಗೆ. "ಆಮೇಲೆ ಇದನ್ನೂ ಲ್ಯಾಬಿಗೆ ಕಳ್ಸು."